ಎಲ್ಲ ಸರಿ ಇದ್ದರೂ ದಿನವಿಡೀ ಏನಾದರೊಂದು ಚಿಂತೆ. ನೀವೆಲ್ಲ ಇದನ್ನ ಹೇಗೆ ನಿಭಾಯಿಸ್ತೀರಿ?

ಬೆಳಗಿನಜಾವ
ಬಹಳ ದಿನದಿಂದ ಕೇಳಬೇಕು ಅಂದ್ಕೊಂಡಿದ್ದೆ. ಸದ್ಯಕ್ಕೆ ನನಗೆ ದೊಡ್ಡ ಕಷ್ಟ ಅಂತ ಏನೂ ಇಲ್ಲ. ಕೆಲಸ ಇದೆ, ಮನೆಯವರೆಲ್ಲ ಆರೋಗ್ಯವಾಗಿದ್ದಾರೆ. ಆದರೂ ಎದ್ದ ಗಳಿಗೆಯಿಂದ ಮಲಗೋವರೆಗೂ ಒಂದಲ್ಲ ಒಂದು ಚಿಂತೆ. ಗಂಡ ಫೋನ್ ಎತ್ತಲಿಲ್ಲ ಅಂದ್ರೆ ದಾರೀಲಿ ಏನೋ ಆಗಿದೆ. ಮೇಲಧಿಕಾರಿ "ನಾಳೆ ಸ್ವಲ್ಪ ಮಾತಾಡೋದಿದೆ" ಅಂದ್ರೆ ಕೆಲಸ ಹೋಯ್ತು. ತಲೆನೋವು ಬಂದ್ರೆ ಮೆದುಳಲ್ಲಿ ಗೆಡ್ಡೆ. ಒಂದು ಸುಳ್ಳಾಯ್ತು ಅಂತ ಉಸಿರು ಬಿಡೋಷ್ಟರಲ್ಲಿ ಇನ್ನೊಂದು ಬಂದು ಕೂತಿರುತ್ತೆ.

ಯಾರಿಗೆ ಹೇಳಿದ್ರೂ "ತಲೆ ಕೆಡಿಸ್ಕೋಬೇಡ" ಅಂತಾರೆ. ಕೆಡಿಸ್ಕೊಳ್ಳದೇ ಇರೋದು ಹೇಗೆ ಅಂತ ಯಾರೂ ಹೇಳಲ್ಲ. ಇದನ್ನ ದಿನಾ ಎದುರಿಸ್ತಿರೋರು ನಿಜವಾಗಿ ಏನು ಮಾಡ್ತೀರಿ? "ಧ್ಯಾನ ಮಾಡಿ", "ಒಳ್ಳೇದನ್ನೇ ಯೋಚಿಸಿ" ಅನ್ನೋ ಒಂದು ಸಾಲಿನ ಉತ್ತರ ಬೇಡ, ದಯವಿಟ್ಟು.

ಬಿಡುಮಾತು
ಪೂರ್ತಿ ಓದಿದೆ. ಗಂಡ ಅನ್ನೋ ಕಡೆ ಅಮ್ಮ ಅಂತ ಹಾಕಿದ್ರೆ ಇದು ನನ್ನದೇ ಕಥೆ. ಉತ್ತರಕ್ಕೆ ಕಾಯ್ತಾ ಇದ್ದೀನಿ.

ನಡಿಗೆಪ್ರಿಯ
ಕೆಲಸ ಜಾಸ್ತಿ ಮಾಡ್ಕೊಳ್ಳಿ. ಪುರುಸೊತ್ತಿದ್ದರೆ ತಾನೇ ಚಿಂತೆ? ಬೆಳಿಗ್ಗೆ ಚುರುಕಾಗಿ ನಡೀರಿ, ಸಂಜೆ ಸುಸ್ತಾಗಿ ಮಲಗ್ತೀರಿ. ನನಗೆ ನಡಿಗೆಯಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ.

ಮೌನಿ
@ನಡಿಗೆಪ್ರಿಯ ನಡಿಗೆ ವಿಷಯ ಒಪ್ತೀನಿ. ವ್ಯಾಯಾಮದಿಂದ ಆತಂಕ ಇಳಿಯುತ್ತೆ ಅನ್ನೋದಕ್ಕೆ ಸಾಕಷ್ಟು ಅಧ್ಯಯನಗಳ ಆಧಾರ ಇದೆ. ಆದರೆ "ಪುರುಸೊತ್ತಿದ್ದರೆ ತಾನೇ" ಅನ್ನೋದು ತಪ್ಪು. ನನಗೆ ಅತಿ ಹೆಚ್ಚು ಚಿಂತೆ ಇದ್ದದ್ದು ಉಸಿರಾಡೋಕೂ ಬಿಡುವಿಲ್ಲದ ವರ್ಷಗಳಲ್ಲಿ. ಕೈ ಕೆಲಸ ಮಾಡ್ತಿರುತ್ತೆ, ತಲೆ ಬೇರೆ ಎಲ್ಲೋ ಇರುತ್ತೆ. ಈ ಮಾತು ಕೇಳಿ ಕೇಳಿ ಚಿಂತೆ ಮಾಡೋರಿಗೆ "ನಾನು ಸೋಮಾರಿಯೇನೋ" ಅನ್ನೋ ಇನ್ನೊಂದು ಚಿಂತೆ ಶುರುವಾಗುತ್ತೆ.

ಹಳೇಚಪ್ಪರ
ಎಲ್ಲರೂ ಚಿಂತೆ ಅಂದ್ರೆ ರೋಗ ಅನ್ನೋ ಥರ ಮಾತಾಡ್ತಿದ್ದೀರಿ. ನನಗೆ ಅರವತ್ತು ದಾಟಿದೆ. ಚಿಂತೆ ಮಾಡಿದ್ದಕ್ಕೇ ಮಕ್ಕಳನ್ನ ಓದಿಸಿ ದಡ ಸೇರಿಸಿದ್ದು. ಚಿಂತೆ ಇಲ್ಲದವನು ಜವಾಬ್ದಾರಿ ಇಲ್ಲದವನು. ಮುಂದೇನಾಗುತ್ತೋ ಅನ್ನೋ ಹೆದರಿಕೆ ಇದ್ದರೆ ಮಾತ್ರ ಮನುಷ್ಯ ಎಚ್ಚರವಾಗಿರ್ತಾನೆ.

ಆಪ್ತಕಿವಿ
ನಾನು ಆಪ್ತಸಮಾಲೋಚಕಿ. @ಹಳೇಚಪ್ಪರ ಸಾರ್ ಹೇಳಿದ ಮಾತನ್ನ ವಾರಕ್ಕೊಬ್ಬರಾದರೂ ನನ್ನ ಮುಂದೆ ಕೂತು ಹೇಳ್ತಾರೆ. ಅದನ್ನ ತಳ್ಳಿಹಾಕೋದಕ್ಕಾಗಲ್ಲ. ಇಂಗ್ಲೆಂಡಿನ ಏಡ್ರಿಯನ್ ವೆಲ್ಸ್ ಅನ್ನೋ ಮನೋವಿಜ್ಞಾನಿ ಚಿಕಿತ್ಸೆಯ ಒಂದು ಪದ್ಧತಿಯನ್ನೇ ಇದರ ಸುತ್ತ ಕಟ್ಟಿದ್ದಾರೆ. "ಚಿಂತೆಯೇ ನನ್ನನ್ನ ಕಾಪಾಡ್ತಿದೆ" ಅನ್ನೋ ನಂಬಿಕೆ ಒಂದು ಕಡೆ, "ಈ ಚಿಂತೆ ನನ್ನ ಕೈ ಮೀರಿ ಹೋಗಿದೆ, ಇದರಿಂದ ನನಗೆ ಹುಚ್ಚು ಹಿಡಿಯುತ್ತೆ" ಅನ್ನೋ ನಂಬಿಕೆ ಇನ್ನೊಂದು ಕಡೆ. ಒಬ್ಬರ ಮನಸ್ಸಲ್ಲೇ ಎರಡೂ ಇರ್ತವೆ. ಹಿಡ್ಕೊಳ್ಳೋಕೂ ಭಯ, ಬಿಡೋಕೂ ಭಯ.

ಸಾರ್, ಮಕ್ಕಳನ್ನ ಓದಿಸಿದ್ದು ನಿಮ್ಮ ಯೋಜನೆ, ನಿಮ್ಮ ದುಡಿಮೆ. ರಾತ್ರಿ ಎರಡು ಗಂಟೆಗೆ ಛಾವಣಿ ನೋಡ್ತಾ ಮಲಗಿದ್ರಲ್ಲ, ಅದರಿಂದ ಯಾವ ಶುಲ್ಕವೂ ಕಟ್ಟಿದ ಹಾಗೆ ಆಗಿರಲಿಲ್ಲ. ಇವೆರಡನ್ನ ಬೇರೆ ಮಾಡೋಕೆ ನಾನು ಕೊಡೋ ಪರೀಕ್ಷೆ ಸರಳ. ಅರ್ಧ ಗಂಟೆ ಯೋಚಿಸಿದ ಮೇಲೆ ಕಾಗದದಲ್ಲಿ ಬರೆಯೋಕೆ "ನಾಳೆ ಇಂಥವರಿಗೆ ಫೋನ್ ಮಾಡಬೇಕು" ಅನ್ನೋ ಒಂದು ಸಾಲಾದರೂ ಸಿಕ್ಕಿದ್ರೆ ಅದು ಯೋಜನೆ. ಏನೂ ಸಿಗದೆ ಎದೆ ಮಾತ್ರ ಭಾರ ಆಗಿದ್ದರೆ ಅದು ಬರೀ ಗಾಣದ ಎತ್ತಿನ ನಡಿಗೆ, ದಿನವೆಲ್ಲ ಸುತ್ತಿದರೂ ಇದ್ದಲ್ಲೇ.

ಹಳೇಚಪ್ಪರ
ಇರಬಹುದಮ್ಮ. ಆದರೆ ಆಗ ಚಿಂತೆ ಮಾಡದೇ ಇದ್ದಿದ್ದರೆ ಬೆಳಿಗ್ಗೆ ಎದ್ದು ದುಡಿಯೋಕೆ ಹೋಗ್ತಿದ್ನಾ ಅನ್ನೋದು ನನ್ನ ಪ್ರಶ್ನೆ.

ಅಂಕಿಅಂಶ
@ಹಳೇಚಪ್ಪರ ಹೋಗ್ತಿದ್ರಿ. ಚಿಂತೆ ಕಮ್ಮಿಯಾದವರು ಕೆಲಸ ಬಿಟ್ಟು ಕೂತ ಉದಾಹರಣೆ ನನಗಂತೂ ಗೊತ್ತಿಲ್ಲ. ಅತಿ ಚಿಂತೆಯಿಂದ ಕೆಲಸಕ್ಕೆ ಹೋಗಲಾರದವರು ಬೇಕಾದಷ್ಟು ಗೊತ್ತು.

ಇಲ್ಲಿ ಹೇಳಲೇಬೇಕಾದ ಒಂದು ಅಧ್ಯಯನ ಇದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಬಿಡದೆ ಕಾಡೋ ಆತಂಕದ ಕಾಯಿಲೆ ಇದ್ದ 29 ಜನರ ಹತ್ರ ಅವರ ಚಿಂತೆಗಳನ್ನೆಲ್ಲ ಬರೆಸಿದ್ರು. ಏನು ಆಗುತ್ತೆ ಅಂತ ಹೆದರಿದ್ರೋ ಅದು ಆಯ್ತಾ ಇಲ್ಲವಾ ಅಂತ ಆಮೇಲೆ ಪರಿಶೀಲಿಸಿದ್ರು. 2020ರಲ್ಲಿ ಪ್ರಕಟವಾಯ್ತು. ನೂರಕ್ಕೆ 91ರಷ್ಟು ಚಿಂತೆಗಳು ನಿಜವಾಗಲೇ ಇಲ್ಲ. ಒಬ್ಬೊಬ್ಬರ ಪಟ್ಟಿಯನ್ನ ಬೇರೆಬೇರೆಯಾಗಿ ನೋಡಿದಾಗ ಅತಿ ಹೆಚ್ಚು ಜನರಲ್ಲಿ ಕಂಡ ಅಂಕಿ ನೂರಕ್ಕೆ ನೂರು, ಅಂದ್ರೆ ಒಂದೂ ನಿಜವಾಗಿರಲಿಲ್ಲ. ತಮ್ಮ ಚಿಂತೆ ಸುಳ್ಳಾಗೋದನ್ನ ಹೀಗೆ ಬರವಣಿಗೆಯಲ್ಲಿ ಹೆಚ್ಚು ಕಂಡವರಿಗೆ ಚಿಕಿತ್ಸೆಯಲ್ಲೂ ಹೆಚ್ಚು ಗುಣ ಕಾಣಿಸ್ತು.

ಕಡಲಹಕ್ಕಿ
29 ಜನ ಅಂದ್ರೆ ಬಹಳ ಚಿಕ್ಕ ಗುಂಪಾಯ್ತಲ್ಲ ಮಾರಾಯ್ರೇ. ಹೋಗ್ಲಿ, ಅದನ್ನ ಒಪ್ಪುವ. ನನ್ನ ತೊಂದರೆ ಬೇರೆ. ನೂರರಲ್ಲಿ 91 ಸುಳ್ಳು ಅಂತ ನನಗೂ ಗೊತ್ತುಂಟು. ಉಳಿದ ಒಂಬತ್ತು ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ ಅಲ್ವಾ? ಹಾಗಾಗಿ ನೂರಕ್ಕೂ ಹೆದರಬೇಕಾಗ್ತದೆ. ಅಂಕಿ ತೋರಿಸಿದ ಕೂಡಲೇ ನನ್ನ ಮನಸ್ಸು ಹೇಳುವುದು ಇದನ್ನೇ.

ಬೆಳಗಿನಜಾವ
@ಕಡಲಹಕ್ಕಿ ಇದೇ! ಇದನ್ನೇ ನಾನು ಹೇಳೋಕೆ ಒದ್ದಾಡ್ತಿದ್ದದ್ದು. ಸಾಧ್ಯತೆ ಕಮ್ಮಿ ಅಂತ ಗೊತ್ತಿದ್ರೂ "ಖಂಡಿತ ಆಗಲ್ಲ" ಅಂತ ಯಾರಾದ್ರೂ ಬರೆದು ಕೊಡೋವರೆಗೂ ಸಮಾಧಾನ ಇಲ್ಲ.

ಆಪ್ತಕಿವಿ
@ಕಡಲಹಕ್ಕಿ @ಬೆಳಗಿನಜಾವ ಈಗ ವಿಷಯದ ಬುಡಕ್ಕೆ ಬಂದ್ರಿ. ಕೆನಡಾದ ಮಿಶೆಲ್ ಡ್ಯೂಗಾ ಮತ್ತವರ ಜೊತೆಯವರು 1990ರ ದಶಕದಿಂದ ಹೇಳ್ತಾ ಬಂದಿರೋದು ಇದನ್ನೇ. ಸದಾ ಚಿಂತೆ ಮಾಡುವವರಿಗೆ ಅಪಾಯಕ್ಕಿಂತ ಅನಿಶ್ಚಿತತೆಯನ್ನೇ ತಡ್ಕೊಳ್ಳೋಕೆ ಆಗಲ್ಲ. ಕೆಟ್ಟ ಸುದ್ದಿ ಬಂದ್ರೆ ಹೇಗೋ ನಿಭಾಯಿಸಿಬಿಡ್ತಾರೆ. ಸುದ್ದಿ ಇನ್ನೂ ಬಂದಿಲ್ಲ ಅನ್ನೋ ಗಂಟೆಗಳೇ ಅವರನ್ನ ಹಿಂಡೋದು.

ಹಾಗಾಗಿ ಖಾತ್ರಿ ಹುಡುಕೋದರಿಂದ ಪರಿಹಾರ ಸಿಗಲ್ಲ, ಬದುಕಲ್ಲಿ ಖಾತ್ರಿ ಅನ್ನೋದು ಸಿಗದ ಸರಕು. ಅಭ್ಯಾಸ ಆಗಬೇಕಾದದ್ದು ಖಾತ್ರಿ ಇಲ್ಲದೆ ಇರೋದು. ಅದನ್ನ ಚಿಕ್ಕಚಿಕ್ಕ ಪ್ರಯೋಗದಿಂದ ಕಲೀಬಹುದು. ಮುಖ್ಯ ಅಲ್ಲದ ಒಂದು ಇಮೇಲನ್ನ ಎರಡನೇ ಸಲ ಓದದೆ ಕಳಿಸಿ. ಬೀಗ ಹಾಕಿ, ಒಂದೇ ಸಲ ಎಳೆದು ನೋಡಿ, ಹೊರಡಿ. ಗಂಡ ಫೋನ್ ಎತ್ತದಿದ್ದಾಗ ಎರಡನೇ ಸಲ ಮಾಡೋಕೆ ಮುಂಚೆ ಹತ್ತು ನಿಮಿಷ ಬಿಡಿ, ಮುಂದಿನ ವಾರ ಇಪ್ಪತ್ತು. ಆ ಹೊತ್ತಲ್ಲಿ ಆತಂಕ ಏರುತ್ತೆ, ಅದು ಸಹಜ. ಬಹಳಷ್ಟು ಸಲ ತನ್ನಷ್ಟಕ್ಕೆ ಇಳಿಯೋದನ್ನೂ ಕಾಣ್ತೀರಿ. ಮೊದಲೇ ಫೋನ್ ಮಾಡಿ ತಿಳ್ಕೊಂಡುಬಿಟ್ಟರೆ ಆ ಇಳಿಯೋದನ್ನ ನೋಡೋ ಅವಕಾಶವೇ ಸಿಗಲ್ಲ. ನೆಮ್ಮದಿ ಫೋನಿಂದಲೇ ಬಂತು ಅಂತ ಮನಸ್ಸು ಕಲಿಯುತ್ತೆ.

ಬಿಡುಮಾತು
ಅಮ್ಮನಿಗೆ ದಿನಕ್ಕೆ ಐದಾರು ಸಲ ಫೋನ್ ಮಾಡೋದು ಪ್ರೀತಿ ಅಂತಲೇ ಅಂದ್ಕೊಂಡಿದ್ದೆ.

ಮೌನಿ
@ಬಿಡುಮಾತು ಪ್ರೀತಿಯೇ. ಪ್ರೀತಿ ಇರೋ ಕಡೆಯೇ ಚಿಂತೆ ಬಂದು ಕೂರೋದು. ಫೋನ್ ಕಮ್ಮಿ ಮಾಡಿದ್ರೆ ಅಮ್ಮನ ಮೇಲೆ ಪ್ರೀತಿ ಕಮ್ಮಿ ಆಯ್ತು ಅಂತ ಅಲ್ಲ.

ಕೆಂಪುನೆಲ
ನನ್ನದೂ ಎರಡು ಮಾತು ಕೇಳ್ರಿ. ನಾ ವರ್ಷಗಟ್ಟಲೆ "ವಿಚಾರ ಮಾಡಬಾರ್ದು, ವಿಚಾರ ಮಾಡಬಾರ್ದು" ಅಂತ ನನ್ನ ಮನಸ್ಸಿನ ಜೋಡಿ ಜಗಳಾ ಮಾಡ್ಕೋತ ಬಂದೆರಿ. ಬ್ಯಾಡ ಅಂದಷ್ಟು ಅದ ಮುಂದ ಬರ್ತಿತ್ತು. ಇದು ನನಗ ಒಬ್ಬಗ ಅಷ್ಟ ಆಗೂದೋ, ಎಲ್ಲಾರಿಗೂ ಹಂಗ ಆಕ್ಕೈತೋ?

ಅಂಕಿಅಂಶ
@ಕೆಂಪುನೆಲ ಎಲ್ಲರಿಗೂ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನೋ ಮನೋವಿಜ್ಞಾನಿ ವಿದ್ಯಾರ್ಥಿಗಳನ್ನ ಕೂರಿಸಿ "ಐದು ನಿಮಿಷ ಬಿಳಿ ಕರಡಿಯನ್ನ ನೆನೆಸ್ಕೋಬೇಡಿ, ನೆನಪಾದ್ರೆ ಗಂಟೆ ಬಾರಿಸಿ" ಅಂದ್ರು. ನಿಮಿಷಕ್ಕೊಂದಕ್ಕಿಂತ ಹೆಚ್ಚು ಸಲ ಗಂಟೆ ಬಾರಿಸಿದ್ರು. ಆಮೇಲೆ "ಈಗ ಬೇಕಾದ್ರೆ ಯೋಚಿಸಿ" ಅಂದಾಗ, ಮೊದಲಿಂದಲೂ ಯೋಚಿಸೋಕೆ ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡ್ತು. ಒತ್ತಿ ಹಿಡಿದದ್ದು ಬಿಟ್ಟ ಕೂಡಲೇ ಪುಟಿಯುತ್ತೆ.

ಕೆಂಪುನೆಲ
ಹಂಗಾರ "ತಲೆ ಕೆಡಿಸ್ಕೋಬ್ಯಾಡ" ಅನ್ನಾವ್ರೆಲ್ಲಾ ಕರಡಿ ತಂದು ನಮ್ಮ ಮುಂದ ನಿಲ್ಲಸಾಕತ್ತಾರ ಅಂದಂಗಾತು.

ಸಂಜೆಬಿಸಿಲು
ಹಾಗಾದ್ರೆ ಒತ್ತಿ ಹಿಡೀಬಾರದು, ಬಿಟ್ಟರೆ ದಿನವೆಲ್ಲ ತಿನ್ನುತ್ತೆ. ಮಧ್ಯದ ದಾರಿ ಏನು? ನನಗೆ ಉಪಯೋಗಕ್ಕೆ ಬಂದದ್ದು ಚಿಂತೆಗೆ ಹೊತ್ತು ಗೊತ್ತು ಮಾಡೋದು. ಸಂಜೆ ಐದೂವರೆಗೆ, ಒಂದೇ ಜಾಗದಲ್ಲಿ, ಒಂದೇ ಕುರ್ಚಿಯಲ್ಲಿ. ದಿನದಲ್ಲಿ ಯಾವ ಚಿಂತೆ ಬಂದ್ರೂ ಒಂದೇ ಸಾಲಲ್ಲಿ ಚೀಟಿ ಬರೆದು "ಐದೂವರೆಗೆ ನೋಡ್ಕೊಳ್ಳೋಣ" ಅಂತ ಮುಂದೂಡ್ತೀನಿ. ಐದೂವರೆಗೆ ಚೀಟಿ ತೆಗೆದು ಕೂತರೆ ಅರ್ಧಕ್ಕರ್ಧ ಯಾಕೆ ಬರೆದೆ ಅನ್ನೋದೇ ಅರ್ಥ ಆಗಲ್ಲ.

ನಡಿಗೆಪ್ರಿಯ
ಚಿಂತೆಗೆ ಅಪಾಯಿಂಟ್‌ಮೆಂಟಾ? ಬಂದ ಚಿಂತೆ ನೀವು ಹೇಳಿದ ಹೊತ್ತಿಗೆ ಬಾ ಅಂದ್ರೆ ಕೇಳುತ್ತಾ? ನನಗೆ ನಂಬಿಕೆ ಇಲ್ಲ.

ಆಪ್ತಕಿವಿ
@ನಡಿಗೆಪ್ರಿಯ ನಂಬಿಕೆ ಬೇಕಿಲ್ಲ, ಪ್ರಯೋಗ ಸಾಕು. ಇದು ಥಾಮಸ್ ಬೊರ್ಕೊವೆಕ್ ಮತ್ತವರ ತಂಡ 1983ರಲ್ಲಿ ಪರೀಕ್ಷಿಸಿದ ವಿಧಾನ. ಇದರ ಹಿಂದಿನ ವಿಚಾರ ಹೀಗೆ: ಹಾಸಿಗೆಯಲ್ಲಿ, ಬಸ್ಸಲ್ಲಿ, ಸ್ನಾನದಲ್ಲಿ, ಕೆಲಸದ ಮೇಜಲ್ಲಿ ಎಲ್ಲ ಕಡೆ ಚಿಂತೆ ಮಾಡಿ ಮಾಡಿ ಎಲ್ಲ ಜಾಗವೂ ಚಿಂತೆಯನ್ನ ಎಬ್ಬಿಸೋ ಜಾಗ ಆಗಿಬಿಟ್ಟಿರುತ್ತೆ. ಅದನ್ನ ಒಂದು ಜಾಗಕ್ಕೆ, ಒಂದು ಅರ್ಧ ಗಂಟೆಗೆ ಕಟ್ಟಿಹಾಕಿದ್ರೆ ಉಳಿದ ಜಾಗಗಳ ಜೊತೆಗಿನ ನಂಟು ನಿಧಾನವಾಗಿ ಕಳಚುತ್ತೆ.

ಕೆಲವರು ಇದನ್ನ ಮಾಡಿ "ಆಗಲಿಲ್ಲ" ಅಂತ ಬರ್ತಾರೆ. ಕೇಳಿದ್ರೆ ಮಲಗೋ ಮುಂಚೆ ಇಟ್ಕೊಂಡಿರ್ತಾರೆ, ಹಾಸಿಗೆ ಮೇಲೆ ಕೂತೇ ಮಾಡಿರ್ತಾರೆ. ಹಾಗೆ ಮಾಡಬೇಡಿ, ನಿದ್ದೆಗೆ ಕೆಲವು ಗಂಟೆ ಮುಂಚೆ ಇರಲಿ. ಹೊತ್ತು ಮುಗಿದ ಕೂಡಲೇ ಏಳಬೇಕು. ಇನ್ನೊಂದು ಮಾತು: ಆ ಅರ್ಧ ಗಂಟೆಯಲ್ಲಿ ನಿಜವಾಗಿ ಚಿಂತೆ ಮಾಡಲೇಬೇಕು. ತಪ್ಪಿಸ್ಕೊಂಡ್ರೆ ಮಾರನೇ ದಿನ ಮನಸ್ಸು ನಿಮ್ಮ ಮಾತನ್ನ ನಂಬಲ್ಲ.

ಸಂಜೆಬಿಸಿಲು
ಮೊದಮೊದಲು ಮುಂದೂಡೋಕೆ ಆಗ್ತಾನೇ ಇರಲಿಲ್ಲ, ನಿಮಿಷಕ್ಕೊಂದು ಸಲ ಚೀಟಿ. ಈಗ ಎಷ್ಟೋ ದಿನ ಕುರ್ಚಿಯಲ್ಲಿ ಕೂತರೆ ಹತ್ತು ನಿಮಿಷಕ್ಕೇ ಬೇಜಾರಾಗಿ ಏಳ್ತೀನಿ.

ಎರಡುಜಡೆ
ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಕೋಪ ಬರ್ತಿದೆ, ಹೇಳಿಬಿಡ್ತೀನಿ. ನೀವೆಲ್ಲ ಆಗದೇ ಇರೋ ವಿಷಯಗಳ ಬಗ್ಗೆ ಮಾತಾಡ್ತಿದ್ದೀರಿ. ನನ್ನ ಅಪ್ಪನಿಗೆ ಮೂತ್ರಪಿಂಡ ಕೈಕೊಟ್ಟಿದೆ, ಡಯಾಲಿಸಿಸ್ ನಡೀತಿದೆ. ಸಾಲ ಇದೆ. ನನ್ನ ಚಿಂತೆ ಸುಳ್ಳಲ್ಲ, 91ರ ಗುಂಪಿಗೆ ಸೇರಿದ್ದಲ್ಲ. ನಾನು ಚೀಟಿ ಬರೆದು ಏನು ಮಾಡಲಿ?

ಬೆಳಗಿನಜಾವ
@ಎರಡುಜಡೆ ಓದಿ ಸಂಕಟ ಆಯ್ತು. ನಿಮ್ಮ ಮುಂದೆ ನನ್ನದು ಕಷ್ಟವೇ ಅಲ್ಲ.

ಮೌನಿ
@ಎರಡುಜಡೆ ನೀವು ಕೋಪ ಮಾಡ್ಕೊಂಡದ್ದು ಸರಿಯಾಗಿದೆ. ನಾನೂ ನೋಡ್ಕೊಂಡಿದ್ದೀನಿ, ಅಮ್ಮನಿಗೆ ಪಾರ್ಶ್ವವಾಯು ಆಗಿ ಕೊನೇವರೆಗೂ ಹಾಸಿಗೆಯಲ್ಲೇ ಇದ್ರು. ಅಂಥ ಹೊತ್ತಲ್ಲಿ ಯಾರಾದ್ರೂ ಬಂದು ಉಸಿರಾಟದ ಅಭ್ಯಾಸ ಹೇಳಿದ್ರೆ ಮೈ ಉರಿಯುತ್ತೆ.

ನನಗೆ ಆಗ ತಿಳಿದದ್ದು ಇಷ್ಟು. ನಿಜವಾದ ಕಷ್ಟದ ಸುತ್ತಲೂ ಇನ್ನೂ ಆಗದಿರೋ ಕಷ್ಟಗಳು ಗುಂಪಾಗಿ ನಿಂತಿರ್ತವೆ. ಇವತ್ತು ಅಮ್ಮನ ಮಗ್ಗುಲು ಬದಲಾಯಿಸಬೇಕು, ಔಷಧಿ ತರಬೇಕು, ಅಣ್ಣನ ಹತ್ರ ದುಡ್ಡು ಕೇಳಬೇಕು, ಇವು ನಿಜ. ಮುಂದಿನ ವರ್ಷ ನನಗೂ ಹೀಗೇ ಆದ್ರೆ, ನಾನು ಮಲಗಿದ್ರೆ ನೋಡ್ಕೊಳ್ಳೋರು ಯಾರು, ಇವು ಆ ರಾತ್ರಿ ನನ್ನ ಕೈಯಲ್ಲಿ ಇರಲಿಲ್ಲ. ಮೊದಲನೇ ಗುಂಪಿಗೆ ಚಿಂತೆ ಬೇಡ, ಜನ ಬೇಕು. ವಾರಕ್ಕೊಂದು ಮಧ್ಯಾಹ್ನ ಬೇರೆ ಯಾರಾದ್ರೂ ಬಂದು ಕೂರೋ ಹಾಗೆ ಮಾಡ್ಕೊಂಡೆ. ಕೇಳೋಕೆ ಸಂಕೋಚ ಆಗ್ತಿತ್ತು. ಆದ್ರೂ ಕೇಳಿದೆ. ಆ ಒಂದು ಮಧ್ಯಾಹ್ನ ಸಿಕ್ಕಿದ್ದರಿಂದ ಉಳಿದ ದಿನ ತಡ್ಕೊಂಡೆ. ನಿಮ್ಮ ಮನೆಯಲ್ಲಿ ಅಪ್ಪನ ಜೊತೆ ಆಸ್ಪತ್ರೆಗೆ ಹೋಗೋದು ನೀವೊಬ್ಬರೇನಾ?

ಎರಡುಜಡೆ
ನಾನೊಬ್ಬಳೇ. ತಮ್ಮ ಇದ್ದಾನೆ, ಕೇಳಿಲ್ಲ. ಅವನಿಗೆ ತೊಂದರೆ ಅಂತ.

ಹಳೇಚಪ್ಪರ
ಕೇಳು ತಾಯಿ. ತಮ್ಮ ಅಂದ್ಮೇಲೆ ಅವನಿಗೂ ಅಪ್ಪ ತಾನೇ? ಇವತ್ತೇ ಕೇಳು. ಸಾಲದ ವಿಷಯಕ್ಕೆ ಆಸ್ಪತ್ರೆಗಳಲ್ಲಿ ಸಮಾಜಕಾರ್ಯಕರ್ತರು ಇದ್ದರೆ ಅವರ ಹತ್ರ ಮಾತಾಡು, ನೆರವಿನ ದಾರಿ ಅವರಿಗೆ ಗೊತ್ತಿರುತ್ತೆ. ನಿನ್ನ ಆರೋಗ್ಯ ಕೆಡಿಸ್ಕೊಂಡರೆ ಅಪ್ಪನನ್ನ ನೋಡ್ಕೊಳ್ಳೋರು ಯಾರು?

ಎರಡುಜಡೆ
ಕೇಳ್ತೀನಿ ಸಾರ್. @ಮೌನಿ ನಿಮಗೂ ವಂದನೆ.

ತೆರೆದಕಿಟಕಿ
ನನ್ನದು ನಿಜವಾದ ಚಿಂತೆಯ ಕಥೆ. ಕೆಲಸ ಹೋಗುತ್ತೆ ಅಂತ ವರ್ಷಗಳ ಕಾಲ ಹೆದರಿದ್ದೆ, ಕೊನೆಗೆ ಹೋಗೇಬಿಡ್ತು. ಹೋದ ದಿನ ಆಶ್ಚರ್ಯ ಆದದ್ದು ಏನಂದ್ರೆ, ಅಷ್ಟು ವರ್ಷ ಮಾಡಿದ ಚಿಂತೆಯಲ್ಲಿ ಒಂದು ಚೂರೂ ಆ ದಿನ ಕೆಲಸಕ್ಕೆ ಬರಲಿಲ್ಲ. ಮೊದಲೇ ಅತ್ತಿದ್ದೀನಿ ಅಂತ ದುಃಖ ಕಮ್ಮಿ ಆಗಲಿಲ್ಲ. ಉಪಯೋಗಕ್ಕೆ ಬಂದದ್ದು ಉಳಿತಾಯ ಮತ್ತು ಹಳೇ ಸಹೋದ್ಯೋಗಿಗಳ ಫೋನ್ ನಂಬರ್. ಮುಂಚೆ ಹೆದರ್ತಾ ಇದ್ದಾಗ ಎದೆ ಒಡೆದು ಹೋಗುತ್ತೆ ಅನ್ನಿಸ್ತಿತ್ತು. ನಿಜವಾಗಿ ಆದಾಗ ಮಧ್ಯಾಹ್ನದ ಹೊತ್ತಿಗೆ ಅರ್ಜಿ ಬರೆಯೋಕೆ ಕೂತಿದ್ದೆ.

ಕಡಲಹಕ್ಕಿ
ಇದು 91 ಅಂಕಿಗಿಂತ ಹೆಚ್ಚು ಮನಸ್ಸಿಗೆ ತಾಗಿತು.

ಹಗಲುಗನಸು
ಯಾರೂ ದೇಹದ ಬಗ್ಗೆ ಹೇಳ್ತಾನೇ ಇಲ್ಲ. ನನ್ನ ತಂಗಿಗೆ ಎದೆ ಹೊಡ್ಕೊಳ್ಳೋದು, ಕೈ ನಡುಕ, ನಿದ್ದೆ ಇಲ್ಲ, ಸುಮ್ಮಸುಮ್ಮನೆ ದಿಗಿಲು. ಮನೆಯಲ್ಲಿ ಎಲ್ಲರೂ "ನೀನು ಜಾಸ್ತಿ ಯೋಚಿಸ್ತೀಯ" ಅಂತಲೇ ಬೈದ್ರು. ರಕ್ತ ಪರೀಕ್ಷೆ ಮಾಡಿಸಿದ್ರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡ್ತಿತ್ತು. ಅದಕ್ಕೆ ಔಷಧಿ ಶುರುವಾದ ಮೇಲೆ ಮನುಷ್ಯಳೇ ಬೇರೆ. ರಕ್ತಹೀನತೆ ಇದ್ದರೂ ಎದೆ ಬಡಿತ ಏರುತ್ತೆ. ಉಬ್ಬಸಕ್ಕೆ ಬಳಸೋ ಕೆಲವು ಇನ್‌ಹೇಲರ್‌ಗಳಿಂದಲೂ ಕೈ ನಡುಗುತ್ತೆ. ಮನಸ್ಸಿನದ್ದು ಅಂತ ತೀರ್ಮಾನಿಸೋ ಮುಂಚೆ ಒಂದು ಸಲ ಮೈ ತೋರಿಸಿ.

ನಡಿಗೆಪ್ರಿಯ
ಕಾಫಿನೂ ಸೇರಿಸಿ ಆ ಪಟ್ಟಿಗೆ.

ಅಂಕಿಅಂಶ
ಹೌದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದರೆ ಇಲ್ಲ ಅಂತ ಸಾಮಾನ್ಯವಾಗಿ ಹೇಳ್ತಾರೆ, ಆದರೆ ಆತಂಕದ ಸ್ವಭಾವದವರಿಗೆ ಅದಕ್ಕಿಂತ ಬಹಳ ಕಮ್ಮಿಯಲ್ಲೇ ಎದೆ ಹೊಡ್ಕೊಳ್ಳುತ್ತೆ. ಅರ್ಧದಷ್ಟು ಕೆಫೀನ್ ದೇಹದಿಂದ ಹೋಗೋಕೆ ಸುಮಾರು ಐದು ಗಂಟೆ ಬೇಕು. ಸಂಜೆ ಕುಡಿದದ್ದು ಮಲಗೋ ಹೊತ್ತಿಗೂ ಒಳಗೆ ಇರುತ್ತೆ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತೆ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ.

ಬಿಡುಮಾತು
ಕಾಫಿ ಬಿಡು ಅನ್ನೋದೊಂದು ಮಾತ್ರ ಬೇಡ ಅಂತ ಬೇಡ್ಕೊಳ್ತಾ ಓದ್ತಿದ್ದೆ. ಸರಿ, ಮಧ್ಯಾಹ್ನಕ್ಕೆ ನಿಲ್ಲಿಸ್ತೀನಿ.

ಕೆಂಪುನೆಲ
ರಾತ್ರಿ ಮೂರಕ್ಕ ಎಚ್ಚರ ಆಗಿ ಬಿಡೂದಕ್ಕ ಏನರ ಉಪಾಯ ಐತೇನ್ರಿ? ಹಗಲ ಹೊತ್ತಿನ್ಯಾಗ ಸಣ್ಣದು ಕಾಣೂ ಮಾತು ಆವಾಗ ಗುಡ್ಡ ಆಗಿ ನಿಂತಿರ್ತೈತಿ.

ಸಂಜೆಬಿಸಿಲು
@ಕೆಂಪುನೆಲ ಇಪ್ಪತ್ತು ನಿಮಿಷದಲ್ಲಿ ನಿದ್ದೆ ಮರಳಿ ಬರದಿದ್ರೆ ಹಾಸಿಗೆ ಬಿಟ್ಟು ಏಳಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಮಂದ ಬೆಳಕಲ್ಲಿ ಏನಾದರೂ ಸಪ್ಪೆ ಕೆಲಸ ಮಾಡಿ, ಕಣ್ಣು ಎಳೆದಾಗ ಮಾತ್ರ ಮರಳಿ. ಫೋನ್ ಮುಟ್ಟಬೇಡಿ. ರಿಚರ್ಡ್ ಬೂಟ್ಜಿನ್ 1972ರಲ್ಲಿ ನಿದ್ರಾಹೀನತೆಗೆ ಹೇಳಿದ ವಿಧಾನ ಇದು, ಇವತ್ತಿಗೂ ಬಳಕೆಯಲ್ಲಿದೆ. ಚಿಂತೆಗೆ ಕುರ್ಚಿ ಗೊತ್ತು ಮಾಡೋ ಉಪಾಯವೂ ಇದೇ ತತ್ವದಿಂದ ಬಂದದ್ದು.

ಅಂಕಿಅಂಶ
ಅದರ ಜೊತೆ ಮಲಗೋ ಮುಂಚೆ ಐದು ನಿಮಿಷ ನಾಳೆಯ ಕೆಲಸಗಳ ಪಟ್ಟಿ ಬರೀರಿ. ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಜನರ ಮೇಲೆ ಮಾಡಿದ ಅಧ್ಯಯನ, 2018ರದ್ದು: ಮುಗಿದ ಕೆಲಸ ಬರೆದವರಿಗಿಂತ ಮಾಡಬೇಕಾದ ಕೆಲಸ ಬರೆದವರು ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದ್ರು. ಪಟ್ಟಿ ವಿವರವಾಗಿದ್ದಷ್ಟೂ ಒಳ್ಳೇದು.

ಎದೆಗಾರಿಕೆ
ನನಗೆ ಸ್ನಾಯು ಬಿಗಿ ಮಾಡಿ ಬಿಡೋ ಅಭ್ಯಾಸ ಬಹಳ ಹಿಡಿಸಿದೆ. ಕಾಲ್ಬೆರಳಿಂದ ಶುರು. ಐದಾರು ಸೆಕೆಂಡ್ ಬಿಗಿ ಹಿಡಿದು ಒಮ್ಮೆಲೇ ಬಿಡೋದು, ಆ ಸಡಿಲಾದ ಭಾವವನ್ನ ಸ್ವಲ್ಪ ಹೊತ್ತು ಗಮನಿಸೋದು. ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ದವಡೆ, ಹಣೆ. ಎಡ್ಮಂಡ್ ಜೇಕಬ್ಸನ್ ಅನ್ನೋ ವೈದ್ಯರು ಸುಮಾರು ನೂರು ವರ್ಷದ ಹಿಂದೆ ರೂಪಿಸಿದ್ದು. ದವಡೆ ಅಷ್ಟು ಬಿಗಿಯಾಗಿ ಕಚ್ಚಿಟ್ಟುಕೊಂಡಿರ್ತೀನಿ ಅಂತ ಗೊತ್ತಾದದ್ದೇ ಇದನ್ನ ಮಾಡಿದಾಗ.

ಬೆಳಗಿನಜಾವ
ಎಲ್ಲರಿಗೂ ತುಂಬ ತುಂಬ ಧನ್ಯವಾದ. ಇನ್ನೊಂದು ಕೇಳ್ಬೇಕು. ಸ್ವಭಾವ ಎಲ್ಲಿಗೆ ಮುಗಿಯುತ್ತೆ, ಕಾಯಿಲೆ ಎಲ್ಲಿಂದ ಶುರು? ವೈದ್ಯರ ಹತ್ರ ಹೋಗೋದಾದ್ರೆ ಯಾವಾಗ?

ಆಪ್ತಕಿವಿ
ವೈದ್ಯರು ನೋಡೋದು ಮುಖ್ಯವಾಗಿ ಇವನ್ನ. ಆರು ತಿಂಗಳು ಅಥವಾ ಹೆಚ್ಚು ಕಾಲ, ಚಿಂತೆ ಇಲ್ಲದ ದಿನಗಳಿಗಿಂತ ಇರೋ ದಿನಗಳೇ ಹೆಚ್ಚಾಗಿರಬೇಕು. ಒಂದೇ ವಿಷಯಕ್ಕೆ ಅಂಟದೆ ಹಲವು ವಿಷಯಗಳ ಬಗ್ಗೆ ಇರಬೇಕು. ತಡೆಯೋಕೆ ಕಷ್ಟ ಆಗ್ತಿರಬೇಕು. ಜೊತೆಗೆ ಚಡಪಡಿಕೆ, ಬೇಗ ದಣಿವು, ಗಮನ ನಿಲ್ಲದಿರೋದು, ಸಿಡುಕು, ಸ್ನಾಯುಗಳ ಬಿಗಿತ, ನಿದ್ದೆಯ ತೊಂದರೆ, ಈ ಆರರಲ್ಲಿ ಮೂರಾದರೂ ದೊಡ್ಡವರಲ್ಲಿ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅದು ಬದುಕಿಗೆ ಅಡ್ಡ ಬರ್ತಿರಬೇಕು.

2006ರಿಂದ ಬಳಕೆಯಲ್ಲಿರೋ ಏಳು ಪ್ರಶ್ನೆಗಳ ಒಂದು ಅಳತೆಯೂ ಇದೆ, ಜಿಎಡಿ-7 ಅಂತ. ಹಿಂದಿನ ಎರಡು ವಾರದ ಬಗ್ಗೆ ಕೇಳುತ್ತೆ, ಒಟ್ಟು ಅಂಕ 21. ಹತ್ತು ಅಥವಾ ಹೆಚ್ಚು ಬಂದ್ರೆ ತೋರಿಸ್ಕೊಳ್ಳೋದು ಒಳ್ಳೇದು. ಅದೇ ತೀರ್ಪಲ್ಲ, ದಾರಿ ತೋರಿಸೋ ಕೈಕಂಬ ಅಷ್ಟೇ. ಬದುಕೋದೇ ಬೇಡ ಅನ್ನೋ ಯೋಚನೆ ಬರ್ತಿದ್ರೆ ಅಂಕ, ತಿಂಗಳು ಯಾವುದನ್ನೂ ಲೆಕ್ಕ ಹಾಕದೆ ಅವತ್ತೇ ಹೋಗಬೇಕು, ಒಬ್ಬರೇ ಇರಬಾರದು.

ಹಳೇಚಪ್ಪರ
ಹೋದ್ರೆ ಮಾತ್ರೆ ಬರೀತಾರೆ, ಒಮ್ಮೆ ಹಿಡಿದ್ರೆ ಜನ್ಮಪೂರ್ತಿ ಬಿಡಲ್ಲ ಅಂತಾರಲ್ಲ?

ಹಗಲುಗನಸು
@ಹಳೇಚಪ್ಪರ ಈ ಮಾತು ಎಷ್ಟು ಜನರನ್ನ ಚಿಕಿತ್ಸೆಯಿಂದ ದೂರ ಇಟ್ಟಿದೆಯೋ! ಮಾತ್ರೆಗಳಲ್ಲಿ ಬೇರೆಬೇರೆ ಗುಂಪು ಇದೆ ಸಾರ್. ಸಾಮಾನ್ಯವಾಗಿ ಮೊದಲು ಕೊಡೋ ಎಸ್‌ಎಸ್‌ಆರ್‌ಐ ಗುಂಪಿನವು ಚಟ ಹಿಡಿಸಲ್ಲ. ಪರಿಣಾಮ ಕಾಣೋಕೆ ಕೆಲವು ವಾರ ಬೇಕು, ಮೊದಲ ವಾರ ಚಡಪಡಿಕೆ ಸ್ವಲ್ಪ ಹೆಚ್ಚಲೂಬಹುದು. ಅದನ್ನ ಯಾರೂ ಮೊದಲೇ ಹೇಳದೇ ಇದ್ದದ್ದಕ್ಕೆ ನಮ್ಮ ಪರಿಚಯದವರೊಬ್ಬರು ನಾಲ್ಕೇ ದಿನಕ್ಕೆ ಬಿಟ್ಟುಬಿಟ್ರು. ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹೇಳಿದ ಹಾಗೆ ಇಳಿಸ್ತಾ ಬರಬೇಕು. ಅಭ್ಯಾಸ ಹಿಡಿಯೋ ಅಪಾಯ ಇರೋದು ಬೆಂಜೊಡಯಜೆಪೀನ್ ಗುಂಪಿನವಕ್ಕೆ. ಅವು ತಕ್ಷಣ ಶಾಂತ ಮಾಡ್ತವೆ, ಅದಕ್ಕೇ ಜನ ವೈದ್ಯರ ಚೀಟಿ ಇಲ್ಲದೆ ಮುಂದುವರಿಸ್ತಾರೆ. ಅದು ಆಗಬಾರದು.

ಆಪ್ತಕಿವಿ
ಇದಕ್ಕೆ ಒಂದೇ ಸೇರಿಸ್ತೀನಿ. ಮಾತಿನ ಚಿಕಿತ್ಸೆಗೂ ಅಷ್ಟೇ ಗಟ್ಟಿ ಆಧಾರ ಇದೆ. ಕೆಲವರಿಗೆ ಒಂದು ಸಾಕು, ಕೆಲವರಿಗೆ ಎರಡೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ 30 ಕೋಟಿ ಜನರಿಗೆ ಆತಂಕದ ಕಾಯಿಲೆ ಇತ್ತು, ಚಿಕಿತ್ಸೆ ಸಿಗೋದು ನಾಲ್ವರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಎಷ್ಟೋ ಜನ ಇದು ತಮ್ಮ ಸ್ವಭಾವ ಅಂದ್ಕೊಂಡೇ ಇದ್ದುಬಿಡ್ತಾರೆ, ನನಗೆ ಹೆಚ್ಚು ನೋವು ಕೊಡೋದು ಅದು.

ಪುಟ್ಟಹೆಜ್ಜೆ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಕ್ಷಮಿಸಿ. ಮಗಳಿಗೆ ಒಂಬತ್ತು ವರ್ಷ. "ಅಮ್ಮಾ ನೀನು ಸಾಯಲ್ಲ ತಾನೇ? ಶಾಲೆಗೆ ಬಂದು ಕರ್ಕೊಂಡು ಹೋಗ್ತೀಯ ತಾನೇ?" ಅಂತ ದಿನಾ ಹತ್ತಾರು ಸಲ ಕೇಳ್ತಾಳೆ. ಪ್ರತಿ ಸಲ ಸಮಾಧಾನ ಹೇಳ್ತೀನಿ, ಐದು ನಿಮಿಷಕ್ಕೆ ಮತ್ತೆ ಅದೇ. ಏನು ಮಾಡಲಿ?

ಆಪ್ತಕಿವಿ
@ಪುಟ್ಟಹೆಜ್ಜೆ ಆಚೆ ಹೋಗಿಲ್ಲ, ದೊಡ್ಡವರು ಫೋನ್ ಮಾಡಿ ತಿಳ್ಕೊಳ್ಳೋದನ್ನೇ ಅವಳು ಪ್ರಶ್ನೆ ಕೇಳಿ ಮಾಡ್ತಿದ್ದಾಳೆ. ಮೊದಲ ಸಲ ಕೇಳಿದಾಗ ಪ್ರೀತಿಯಿಂದ ಉತ್ತರ ಕೊಡಿ. ಆಮೇಲೆ ಅದೇ ಪ್ರಶ್ನೆಗೆ "ನಿನಗೆ ಭಯ ಆಗ್ತಿದೆ ಅಂತ ನನಗೆ ಗೊತ್ತು ಪುಟ್ಟಿ, ಆ ಭಯ ಇದ್ದರೂ ನೀನು ಇರಬಲ್ಲೆ" ಅನ್ನೋ ಥರ ಹೇಳಿ. ಎರಡೂ ಭಾಗ ಬೇಕು. ಬರೀ ಮೊದಲನೇದು ಹೇಳಿದ್ರೆ ಭಯಕ್ಕೆ ಒತ್ತಾಸೆ ಆಗುತ್ತೆ, ಬರೀ ಎರಡನೇದು ಹೇಳಿದ್ರೆ ಗದರಿಸಿದ ಹಾಗೆ ಕೇಳುತ್ತೆ. ಇವತ್ತಿಂದ ಹೀಗೆ ಮಾಡ್ತೀನಿ ಅಂತ ಅವಳಿಗೆ ಮೊದಲೇ ತಿಳಿಸಿ.

ಯೇಲ್ ವಿಶ್ವವಿದ್ಯಾಲಯದ ಈಲಿ ಲೆಬೊವಿಟ್ಜ್ ಅವರ ತಂಡ ಮಕ್ಕಳನ್ನ ಬಿಟ್ಟು ತಂದೆತಾಯಿಗೆ ಮಾತ್ರ ತರಬೇತಿ ಕೊಟ್ಟು ನೋಡ್ತು, 124 ಮಕ್ಕಳ ಅಧ್ಯಯನ, 2020ರಲ್ಲಿ ಬಂತು. ಮಕ್ಕಳಿಗೇ ನೇರವಾಗಿ ಚಿಕಿತ್ಸೆ ಕೊಟ್ಟಷ್ಟೇ ಫಲ ಸಿಕ್ತು. ಹಾಗಾಗಿ ನಿಮ್ಮ ಕೈಯಲ್ಲಿ ಬಹಳ ಇದೆ. ಶಾಲೆಗೆ ಹೋಗೋದೇ ನಿಲ್ಲಿಸಿದ್ರೆ, ಊಟ ನಿದ್ದೆ ಕೆಟ್ಟರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ.

ಪುಟ್ಟಹೆಜ್ಜೆ
ನಾನೇ ಅವಳಿಗಿಂತ ಹೆಚ್ಚು ಹೆದರುವವಳು. ಆದರೂ ಇವತ್ತು ರಾತ್ರಿ ಅವಳ ಹತ್ರ ಮಾತಾಡ್ತೀನಿ.

ಬೆಳಗಿನಜಾವ
ನಾನು ವೈದ್ಯರ ಹತ್ರ ಹೋಗೋದು ಅಂತ ತೀರ್ಮಾನ ಮಾಡಿದೆ. ಗಂಡನಿಗೂ ಹೇಳಿದ್ದೀನಿ, ಜೊತೆಗೆ ಬರ್ತಾರಂತೆ. ಒಳಗೆ ಹೋದ ಕೂಡಲೇ ಎಲ್ಲ ಮರೆತು "ಏನಿಲ್ಲ ಡಾಕ್ಟ್ರೇ, ಸ್ವಲ್ಪ ಟೆನ್ಷನ್" ಅಂದ್ಬಿಡ್ತೀನೇನೋ ಅನ್ನಿಸ್ತಿದೆ. ಏನು ಹೇಳಬೇಕು?

ಹಗಲುಗನಸು
@ಬೆಳಗಿನಜಾವ ಬರ್ಕೊಂಡು ಹೋಗಿ, ಕಾಗದ ನೋಡಿ ಓದಿದ್ರೂ ಯಾರೂ ಏನೂ ಅನ್ನಲ್ಲ. ಯಾವಾಗಿಂದ ಶುರು, ರಾತ್ರಿ ಎಷ್ಟು ಹೊತ್ತು ನಿದ್ದೆ, ಚಿಂತೆಯಿಂದ ಏನೇನು ಮಾಡೋದು ಬಿಟ್ಟಿದ್ದೀರಿ, ಮನೆತನದಲ್ಲಿ ಯಾರಿಗಾದ್ರೂ ಹೀಗೇ ಇತ್ತಾ. ಈಗ ತಗೊಳ್ತಿರೋ ಮಾತ್ರೆಗಳೆಲ್ಲದರ ಹೆಸರು, ದಿನಕ್ಕೆ ಎಷ್ಟು ಕಾಫಿ ಟೀ ಅನ್ನೋದು. ಥೈರಾಯ್ಡ್ ಪರೀಕ್ಷೆ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಮಗು ಬೇಕು ಅಂತ ಯೋಚನೆ ಇದ್ದರೆ ಅಥವಾ ಈಗಾಗಲೇ ಬಸುರಿ ಆಗಿದ್ದರೆ ಅದನ್ನ ಮೊದಲೇ ಹೇಳಿ, ಔಷಧಿ ಆರಿಸೋವಾಗ ಅದು ಮುಖ್ಯ.

ಮೌನಿ
ಮತ್ತೆ, ಮೊದಲು ಹೋದ ಕಡೆ ನಿಮ್ಮ ಮಾತು ಕೇಳಿಸಿಕೊಳ್ಳಲಿಲ್ಲ ಅನ್ನಿಸಿದ್ರೆ ಅಲ್ಲಿಗೇ ಕೈಬಿಡಬೇಡಿ, ಬೇರೆಯವರ ಹತ್ರ ಹೋಗಿ. ನನಗೆ ಸರಿಯಾದವರು ಸಿಕ್ಕಿದ್ದು ಹಾಗೇ.